ಉಸ್ತಾದರ ಒಂಬತ್ತು ಸೆಕೆಂಡು

ಹೋದ ವಾರ ಇಂದಿರಾನಗರದಲ್ಲಿ ಮಗಳ ಶಾಲೆಯ ಆಟೋಟಕ್ಕೆ ಹೋಗಿದ್ದೆ. ಓಟದ ಗೆರೆ ಎಳೆಯಲು ಸುಣ್ಣದ ಪುಡಿ ಸುರಿಯುತ್ತಿದ್ದರು. ಒದ್ದೆ ಮಣ್ಣಿಗೆ ಬಿದ್ದ ಆ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ಎದ್ದು ನಿಂತಿತು. ಇಷ್ಟು ವರ್ಷವಾದರೂ ಆ ಸಿಟ್ಟು ಹಾಗೇ ಇದೆ... ಯಾರ ಮೇಲಿನ ಸಿಟ್ಟು ಎನ್ನುವುದು ಮಾತ್ರ ಬದಲಾಗಿದೆ.

ಆಗ ನಾನು ಸೈನ್ಯಕ್ಕೆ ಹೊಸದಾಗಿ ಸೇರಿದ್ದೆ. ಹಲಸೂರು ಕೆರೆಗೆ ಹತ್ತಿರದ ಒಂದು ಯೂನಿಟ್ಟಿಗೆಲ್ಲ ನಾನೊಬ್ಬಳೇ ಡಾಕ್ಟರು. ಅಲ್ಲಿ ಓಟ, ಕಸರತ್ತಿನ ಪರೀಕ್ಷೆ ನಡೆಸುತ್ತಿದ್ದ ಹವಾಲ್ದಾರರನ್ನು ಸೈನ್ಯದ ವಾಡಿಕೆಯಂತೆ ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ದೊಡ್ಡನೆಕ್ಕುಂದಿಯವರು. ಕಾರ್ಖಾನೆಗಳ ಮಧ್ಯೆ ಇನ್ನೂ ರಾಗಿ ಹೊಲ ಉಳಿದಿದ್ದ ಕಾಲದಲ್ಲಿ ಅಲ್ಲಿ ಬೆಳೆದವರು. ಮೈದಾನದಲ್ಲಿ ಎಲ್ಲರಿಗೂ ಹಿಂದಿ, ನನಗೆ ಮಾತ್ರ ಕನ್ನಡ. ಹಾಗೆಂದು ರಿಯಾಯಿತಿಯೇನೂ ಇರಲಿಲ್ಲ.

ಓಟದ ಪರೀಕ್ಷೆ ಪಾಸಾಗದಿದ್ದರೆ, ಆ ವರ್ಷ ನಾನು ಆಸೆಪಟ್ಟಿದ್ದ ತರಬೇತಿ ಕೋರ್ಸಿಗೆ ನನ್ನ ಹೆಸರು ಹೋಗುವಂತಿರಲಿಲ್ಲ. ಮೊದಲ ಸಲ ಬೂಟು ಬಿಗಿದುಕೊಂಡು ಸುಣ್ಣದ ಗೆರೆಯ ಹತ್ತಿರ ನಿಂತಾಗ ಉಸ್ತಾದರು ಕೈ ಅಡ್ಡ ಹಿಡಿದರು.

“ಮೇಡಂ, ಗ್ರೌಂಡಲ್ಲಿ ಡಾಕ್ಟರ್ ಇಲ್ದೆ ಓಟ ಶುರು ಮಾಡೋ ಹಾಗಿಲ್ಲ.”

“ನಾನೇ ಅಲ್ವೇನ್ರೀ ಡಾಕ್ಟರು?”

“ನೀವು ಓಡ್ತಿದ್ರೆ ಡಾಕ್ಟರ್ ಎಲ್ಲಿರ್ತಾರೆ ಮೇಡಂ?”

ನಾನೇ ಓಡಿ, ನಾನೇ ಬಿದ್ದು, ನಾನೇ ಎದ್ದು ಬಂದು ನನ್ನ ನಾಡಿ ಹಿಡಿಯಬೇಕಿತ್ತೇನೋ! ಹೋಗಿ ಆಂಬುಲೆನ್ಸಿನಲ್ಲಿ ಕೂತು ಉಳಿದವರ ಓಟ ನೋಡಿದೆ. ಮುಂದಿನ ತಿಂಗಳೂ ಅದೇ ರಾಮಾಯಣ. ಮೂರನೆಯ ಸಲ ಉಸ್ತಾದರೇ ಓಡಾಡಿ ಪಕ್ಕದ ಯೂನಿಟ್ಟಿನ ಡಾಕ್ಟರನ್ನು ಒಪ್ಪಿಸಿ ಕರೆತಂದರು. ಆಗ ಅದೊಂದು ಉಪಕಾರ ಎಂದು ನನಗೆ ಅನ್ನಿಸಲೇ ಇಲ್ಲ.

“ಮೊದಲ್ನೇ ಸುತ್ತಲ್ಲೇ ಜೋರಾಗಿ ಓಡ್ಬೇಡಿ ಮೇಡಂ. ಕೊನೇಲಿ ಉಸಿರು ಸಾಲಲ್ಲ,” ಎಂದರು. ಡಾಕ್ಟರಿಗೇ ಉಸಿರಾಟದ ಪಾಠ ಹೇಳುತ್ತಾರಲ್ಲ ಎಂದು ಮೈಯೆಲ್ಲ ಉರಿಯಿತು. ಬೇಕೆಂದೇ ಜೋರಾಗಿ ಓಡಿದೆ. ಕೊನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡಿತು. ಗೆರೆ ದಾಟಿದಾಗ ಒಂಬತ್ತು ಸೆಕೆಂಡು ತಡವಾಗಿತ್ತು.

“ಒಂಬತ್ತೇ ಸೆಕೆಂಡು, ಉಸ್ತಾದ್...”

“ಹೌದು ಮೇಡಂ,” ಎಂದು ನನ್ನ ಹೆಸರಿನ ಮುಂದೆ ಫೇಲ್ ಎಂದು ಬರೆದರು. ಕೋರ್ಸು ಕೈತಪ್ಪಿತು. ಮೆಸ್ಸಿನಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, ನಾನು ಉಸ್ತಾದರನ್ನು ಬೈದದ್ದೇ ಬೈದದ್ದು.

ಎರಡು ತಿಂಗಳಾದ ಮೇಲೆ ಅವರು ವಾರ್ಷಿಕ ತಪಾಸಣೆಗೆ ನನ್ನ ಕೋಣೆಗೆ ಬಂದರು. ಅವರ ಸೇವೆಯ ಅವಧಿ ಮುಗಿಯುತ್ತಿತ್ತು. ಆರೋಗ್ಯ ಸರಿಯಿದೆ ಎಂದು ನಾನು ಬರೆದುಕೊಟ್ಟರೆ ಇನ್ನೆರಡು ವರ್ಷ ಮುಂದುವರಿಯಬಹುದಿತ್ತು. ಹಾಗೆ ಮುಂದುವರಿಯುವವರ ಪಟ್ಟಿ ಅದೇ ವಾರ ಮೇಲಕ್ಕೆ ಹೋಗಬೇಕಿತ್ತು. ದೊಡ್ಡನೆಕ್ಕುಂದಿಯಿಂದ ಸೈಕಲ್ ತುಳಿದುಕೊಂಡು ನೇರವಾಗಿ ಒಳಗೆ ಬಂದಿದ್ದರು, ಬೆವರು ಆರಿರಲಿಲ್ಲ. ರಕ್ತದೊತ್ತಡ ನೋಡಿದೆ, ಜಾಸ್ತಿಯಿತ್ತು.

ಹಾಗೆ ಬಂದವರನ್ನು ಅರ್ಧ ಗಂಟೆ ಕೂರಿಸಿ ಮತ್ತೆ ನೋಡಬೇಕು. ಮೊದಲ ವರ್ಷದ ಮೆಡಿಕಲ್ ಹುಡುಗರಿಗೂ ಗೊತ್ತಿರುವ ವಿಷಯ. ನಾನು ಕೂರಿಸಲಿಲ್ಲ.

“ಜಾಸ್ತಿ ಇದೆ ಉಸ್ತಾದ್. ದೊಡ್ಡಾಸ್ಪತ್ರೆಗೆ ಬರೀಬೇಕಾಗುತ್ತೆ.”

ಅವರು ಒಂದು ಮಾತು ಬೇಡಿಕೊಂಡಿದ್ದರೂ ನಾನು ಕರಗುತ್ತಿದ್ದೆನೋ ಏನೋ... ಅವರು ಬೇಡಲಿಲ್ಲ. “ಬರೀರಿ ಮೇಡಂ. ಇರೋದನ್ನ ಇದ್ದಂಗೇ ಬರೀಬೇಕು,” ಎಂದು ಅಂಗಿಯ ತೋಳು ಇಳಿಸಿಕೊಂಡು ಹೋದರು.

ಎರಡು ವಾರದ ಮೇಲೆ ಆಸ್ಪತ್ರೆಯಿಂದ ವರದಿ ಬಂತು. ರಕ್ತದೊತ್ತಡ ಸರಿಯಾಗಿಯೇ ಇದೆ, ಯಾವ ತೊಂದರೆಯೂ ಇಲ್ಲ. ಅಷ್ಟರಲ್ಲಿ ಅವರ ಹೆಸರಿಲ್ಲದೆ ಪಟ್ಟಿ ಹೋಗಿಯಾಗಿತ್ತು. ಉಸ್ತಾದರು ಪಿಂಚಣಿಗೆ ಹೋದರು. ಹೋಗುವ ದಿನವೂ ನನ್ನ ಕೋಣೆಗೆ ಬಂದು, ಮೊದಲ ಸುತ್ತು ನಿಧಾನವಾಗಿ ಓಡಿ ಎಂದು ಹೇಳಿಯೇ ಹೋದರು. ಮುಂದಿನ ಪರೀಕ್ಷೆಯಲ್ಲಿ ಹಾಗೇ ಓಡಿ ಪಾಸಾದೆ. ಖುಷಿಪಡಲು ಮನಸ್ಸೇ ಬರಲಿಲ್ಲ.

ಸೈನ್ಯ ಬಿಟ್ಟು ಎಷ್ಟೋ ವರ್ಷವಾಯಿತು. ಬೈಯಪ್ಪನಹಳ್ಳಿ ದಾಟಿದರೆ ಅವರ ಊರು, ಆದರೂ ಒಮ್ಮೆಯೂ ಹೋಗಿರಲಿಲ್ಲ. ಇನ್ನು ಮುಂದೂಡುವುದು ಬೇಡ, ಅವತ್ತು ಮಾಡಿದ್ದನ್ನು ಹೇಳಿಬಿಡೋಣ ಎಂದು ಮೊನ್ನೆ ಭಾನುವಾರ ದೊಡ್ಡನೆಕ್ಕುಂದಿಗೆ ಹೋದೆ. ನಾಲ್ಕು ಜನರನ್ನು ಕೇಳಿ ಮನೆ ಹುಡುಕಿದೆ. ಬಾಗಿಲು ತೆರೆದವರು ಅವರ ಮಗಳು. ಉಸ್ತಾದರು ತೀರಿಕೊಂಡು ಎರಡು ವರ್ಷವಾಗಿತ್ತು.

ನಾನು ಯಾರೆಂದು ತಿಳಿದ ಮೇಲೆ ಆಕೆ ನನ್ನ ಕೈ ಹಿಡಿದುಕೊಂಡು ಒಳಗೆ ಕೂರಿಸಿದಳು. “ನಮ್ಮಪ್ಪ ನಿಮ್ಮ ವಿಷಯ ಯಾವಾಗ್ಲೂ ಹೇಳ್ತಿದ್ರು ಮೇಡಂ. ಫೇಲ್ ಮಾಡಿದ್ನಲ್ಲ ಅನ್ನೋ ಸಿಟ್ಟು ಒಂಚೂರೂ ಇಟ್ಕೊಳ್ದೆ ಇದ್ದಂಗೇ ಬರೆದ್ರು, ಡಾಕ್ಟರ್ ಅಂದ್ರೆ ಹಾಗಿರ್ಬೇಕು ಅಂತ.”

ನಾನು ತಲೆ ತಗ್ಗಿಸಿಕೊಂಡು ಆಕೆ ಕೊಟ್ಟ ಕಾಫಿ ಕುಡಿದೆ. ಹೇಳಲೆಂದು ಹೋದದ್ದನ್ನು ಹಾಗೇ ಹೊತ್ತುಕೊಂಡು ಎದ್ದು ಬಂದೆ.