ಮೂರಡಿ ಬಿಡುವ ಮಾತು

ಆ ಮಾತನ್ನು ಆಡಿದ ನೆನಪು ನನಗಿದೆ. ಆದರೆ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಕೋಲಾರದ ಹಳೇ ಪೇಟೆಯ ಗಲ್ಲಿಯಲ್ಲಿ ನಮ್ಮ ಮನೆ. ಪಕ್ಕದಲ್ಲಿ ನಮ್ಮದೇ ಒಂದು ಖಾಲಿ ಜಾಗ. ಅದರಾಚೆ ಖಾಲಾ ಅವರ ಮನೆ. ಖಾಲಿ ಜಾಗದಲ್ಲಿ ಕಟ್ಟಡ ಕಟ್ಟಲು ಗುದ್ದಲಿ ಪೂಜೆ ಮಾಡಿದ ಬೆಳಿಗ್ಗೆ ನಾನು ಖಾಲಾ ಅವರ ಕಿಟಕಿಯ ಹತ್ತಿರ ಹೋಗಿ, ಸರಳುಗಳ ನಡುವೆ ಕೋಸಂಬರಿಯ ದೊನ್ನೆ ಕೊಟ್ಟು, "ನಿಮ್ಮ ಕಿಟಕಿ ಮುಂದೆ ಮೂರಡಿ ಬಿಡ್ತೀನಿ ಖಾಲಾ, ಬೆಳಕಿಗೇನೂ ತೊಂದರೆ ಆಗಲ್ಲ" ಎಂದೆ. ಅವರು ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು ನಕ್ಕರು. ನನ್ನ ನೆನಪಿನಲ್ಲಿರುವುದು ಇಷ್ಟು. ತೊಂದರೆಯೆಂದರೆ, ಈ ದೃಶ್ಯದಲ್ಲಿ ನನಗೆ ನನ್ನ ಬೆನ್ನು ಕಾಣುತ್ತದೆ. ಬೆವರಿಗೆ ಅಂಟಿಕೊಂಡ ಅಂಗಿಯೂ ಕಾಣುತ್ತದೆ. ತನ್ನ ಬೆನ್ನನ್ನು ಯಾರೂ ನೋಡಿಕೊಳ್ಳಲಾರರು. ಹಾಗಾದರೆ ಇದು ನಡೆದದ್ದೋ, ಆಮೇಲೆ ನಾನೇ ಕೂಡಿಸಿಕೊಂಡದ್ದೋ?

ಖಾಲಾ ಎಂದರೆ ಚಿಕ್ಕಮ್ಮ, ಆದರೆ ಅವರು ನಮ್ಮ ಬಂಧುವಲ್ಲ. ಇಡೀ ಗಲ್ಲಿ ಅವರನ್ನು ಹಾಗೆ ಕರೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಸೀರೆಗೆ ಕುಚ್ಚು ಹಾಕುವ ಕೆಲಸ ಹಿಡಿದಿದ್ದರು. ಅಂಗಡಿಯವರು ಕಳಿಸಿದ ಸೀರೆಗಳ ಸೆರಗನ್ನು ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಹರಡಿ, ಕೆಳಗೆ ಚಾಪೆಯಲ್ಲಿ ಕೂತು, ಎಳೆ ಬಿಡಿಸಿ ಗಂಟು ಹಾಕುತ್ತಿದ್ದರು. ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಅವರ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ಆ ಕೋಣೆಗೆ ಬೆಳಕು ಬರುತ್ತಿದ್ದದ್ದು ನಮ್ಮ ಖಾಲಿ ಜಾಗದಿಂದ ಮಾತ್ರ. ನಮ್ಮ ತಾತನ ಕಾಲದಲ್ಲಿ ಅಲ್ಲಿ ದನದ ಕೊಟ್ಟಿಗೆಯಿತ್ತು. ಅದು ಬಿದ್ದುಹೋದ ಮೇಲೆ ಉಳಿದದ್ದು ನಾಲ್ಕು ಕಲ್ಲುಕಂಬ ಮತ್ತು ಹೊಂಗೆಯ ಒಂದು ಗಿಡ. ಕಿಟಕಿ ಇಟ್ಟುಕೊಳ್ಳಿ ಎಂದು ತಾತ ಬಾಯಿಮಾತಿನಲ್ಲಿ ಒಪ್ಪಿದ್ದರಂತೆ. ಕಾಗದ ಪತ್ರ ಏನೂ ಇರಲಿಲ್ಲ.

ನರಸಾಪುರ, ಮಾಲೂರು ಕಡೆ ಕಾರ್ಖಾನೆಗಳು ಬಂದ ಮೇಲೆ ನಮ್ಮ ಪೇಟೆಯ ಸಂದುಗೊಂದುಗಳಿಗೆಲ್ಲ ಬೆಲೆ ಬಂತು. ಪಾಳಿಯಲ್ಲಿ ಕೆಲಸ ಮಾಡುವ ಹುಡುಗಿಯರಿಗೆ ರೂಮುಗಳು ಬೇಕಿದ್ದವು. ಬಸ್ಸಿನ ಸೀಟಿನಲ್ಲಿ ಮೂರನೆಯವರು ಒತ್ತಿಕೊಂಡು ಕೂತ ಹಾಗೆ, ಎರಡು ಹೆಂಚಿನ ಮನೆಗಳ ನಡುವೆ ಮೂರು ಅಂತಸ್ತು ಎದ್ದು ನಿಲ್ಲುತ್ತಿತ್ತು. ಹಿಂದೆ ಕಟ್ಟೆಯ ಮೇಲೆ ಕೂತರೆ ಅಂತರಗಂಗೆ ಬೆಟ್ಟ ಕಾಣುತ್ತಿತ್ತು. ಈಗ ನೀರಿನ ಟ್ಯಾಂಕುಗಳು ಕಾಣುತ್ತವೆ. ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಬಂದಾಗಲೆಲ್ಲ ಹೇಳುತ್ತಿದ್ದಳು: "ಲೇ, ಎಲ್ರೂ ಕಟ್ತಾ ಇದಾರೆ. ನೀನೊಬ್ಬ ಹೊಂಗೆ ಗಿಡ ನೋಡ್ಕೊಂಡು ಕೂತ್ಕೊ. ಊರಿನ ಕಸ ಎಲ್ಲಾ ಅಲ್ಲೇ ಬಂದು ಬೀಳ್ತಾ ಇದೆ." ನಾನು ಆಗ ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಭಾನುವಾರಗಳಂದು ಮಾತ್ರ ಊರಿಗೆ ಬರುತ್ತಿದ್ದೆ. ಕಟ್ಟಿಸಲು ಒಪ್ಪಿದೆ.

ಇನ್ನೊಂದು ಸಂಗತಿಯ ಬಗ್ಗೆ ನನಗೆ ಅನುಮಾನವಿಲ್ಲ. ಪಾಯ ತೆಗೆದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿ ಫೋನ್ ಮಾಡಿದ. ರಾಯಲ್ಪಾಡು ಕಡೆಯವನು, ಅರ್ಧ ತೆಲುಗು, ಅರ್ಧ ಕನ್ನಡ.

"ಸಾರ್, ಆ ಕಡೆ ಮೂರಡಿ ಬಿಟ್ರೆ ಮೆಟ್ಲು ಬರಲ್ಲ ಸಾರ್. ಏಮಿ ಚೇಯಾಲಿ ಹೇಳಿ. ರೂಮಾದ್ರೂ ಬಿಡಿ, ಸಂದಾದ್ರೂ ಬಿಡಿ."

ತರಗತಿಗೆ ಹೊತ್ತಾಗಿತ್ತು. ಕೈಯಲ್ಲಿ ಹಾಜರಿ ಪುಸ್ತಕವಿತ್ತು. "ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದೆ.

ಮೇಸ್ತ್ರಿಯೇ ಮೂರಡಿ ಎಂದದ್ದರಿಂದ ಆ ಮಾತು ಮೊದಲೇ ಆಗಿತ್ತು ಎಂದು ವಾದಿಸಬಹುದು. ಆದರೆ ನಗರಸಭೆಗೆ ಕೊಡುವ ನಕ್ಷೆಯಲ್ಲೂ ಸುತ್ತ ಜಾಗ ಬಿಟ್ಟಂತೆ ಗೆರೆ ಎಳೆದಿರುತ್ತಾರೆ. ನಮ್ಮ ಗಲ್ಲಿಯಲ್ಲಿ ಎಲ್ಲರ ನಕ್ಷೆಯಲ್ಲೂ ಆ ಜಾಗವಿದೆ, ಯಾರ ಮನೆಯ ಸುತ್ತಲೂ ಇಲ್ಲ. ಮೇಸ್ತ್ರಿಯ ಮೂರಡಿ ಆ ನಕ್ಷೆಯದ್ದೂ ಆಗಿರಬಹುದು.

ಎರಡು ವಾರ ಬಿಟ್ಟು ಊರಿಗೆ ಬಂದಾಗ ಗೋಡೆ ತಲೆಯೆತ್ತರಕ್ಕಿಂತ ಮೇಲೆ ಹೋಗಿತ್ತು. ಖಾಲಾ ಬೀದಿಬದಿಯ ಜಗಲಿಯಲ್ಲಿ ಕೂತಿದ್ದರು. ಧೂಳು ಬೀಳದಂತೆ ತೊಡೆಯ ಮೇಲಿನ ಸೀರೆಗೆ ಹಳೆ ದುಪ್ಪಟ್ಟಾ ಮುಚ್ಚಿ, ಒಂದು ಅಂಚನ್ನಷ್ಟೇ ಹೊರಗೆಳೆದು ಗಂಟು ಹಾಕುತ್ತಿದ್ದರು. ಸ್ಕೂಟರು ಬಂದಾಗಲೆಲ್ಲ ಆ ಅಂಚನ್ನೂ ಒಳಗೆಳೆದುಕೊಳ್ಳುತ್ತಿದ್ದರು.

"ಏನ್ ಖಾಲಾ, ಹೊರಗೆ ಬಂದ್ಬಿಟ್ಟಿದೀರಾ?"

"ಒಳಗೆ ಲೈಟ್ ಹಾಕ್ಬೇಕು ಬೇಟಾ. ಇಲ್ಲಿ ಆದ್ರೆ ಅಲ್ಲಾನ ಲೈಟು. ಬಿಲ್ ಕಟ್ಟಿ ಅಂತ ಯಾರೂ ಬರಲ್ಲ."

ಅವರು ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಆ ಕೋಣೆ ನೋಡಬೇಕೆಂದು ನನಗೆ ಅನ್ನಿಸಲಿಲ್ಲ. ಅಥವಾ ಅನ್ನಿಸಿತ್ತು, ಹೋಗಲಿಲ್ಲ.

ಮಳೆಗಾಲದಲ್ಲಿ ಜಗಲಿಯೂ ತಪ್ಪಿತು. ಟ್ಯೂಬ್‌ಲೈಟಿನ ಕೆಳಗೆ ಅವರಿಗೆ ಬಣ್ಣಗಳು ಮೋಸ ಮಾಡತೊಡಗಿದವು. ಕುಂಕುಮದ ಬಣ್ಣದ ಸೆರಗಿಗೆ ಮರೂನ್ ದಾರ ಹಾಕಿದ್ದಾರೆ ಎಂದು ಅಂಗಡಿಯವರು ಒಂದು ಸೀರೆ ವಾಪಸು ಕಳಿಸಿದರು. ಬಿಚ್ಚಿ ಮತ್ತೆ ಹಾಕಿಕೊಟ್ಟರು. ಆಮೇಲೆ ಇನ್ನೊಂದು ಬಂತು. ಕೊನೆಗೆ ಸೀರೆಗಳು ಬರುವುದೇ ನಿಂತಿತು. ಅದೇ ವರ್ಷ ಮನೆಯನ್ನು ಬಾಡಿಗೆಗೆ ಕೊಟ್ಟು ಮುಳಬಾಗಿಲಿನಲ್ಲಿದ್ದ ಮಗಳ ಮನೆಗೆ ಹೋದರು. ಹೋದ ದಿನ ನಾನು ತುಮಕೂರಿನಲ್ಲಿದ್ದೆ. ಅಮ್ಮನಿಗೆ ಒಂದು ಡಬ್ಬಿ ತುಂಬ ಉಳಿದ ರೇಷ್ಮೆ ದಾರ ಕೊಟ್ಟು ಹೋದರಂತೆ.

ನನಗೆ ನೆಮ್ಮದಿ ಕೆಟ್ಟದ್ದು ಅಲ್ಲಿಂದ. ಮಾತು ಕೊಟ್ಟಿರದಿದ್ದರೆ ನಾನು ಊರಿನವರೆಲ್ಲ ಮಾಡಿದ್ದನ್ನೇ ಮಾಡಿದವನು. ಕೊಟ್ಟಿದ್ದರೆ, ಒಬ್ಬ ಹೆಂಗಸು ನನ್ನನ್ನು ನಂಬಿ ಕೂತಿದ್ದಾಗ ಅವರ ಬೆಳಕಿಗೆ ಅಡ್ಡ ಗೋಡೆ ಕಟ್ಟಿದವನು. ಅಕ್ಕನನ್ನು ಕೇಳಿದೆ.

"ನೀನ್ಯಾವತ್ತು ಹೇಳ್ದೆ? ನಾನು ಅಲ್ಲೇ ಇದ್ನಲ್ಲೋ. ನೀನು ಪೂಜೆ ಮಾಡೋ ಅಯ್ನೋರ ಹತ್ರ ರಾಹುಕಾಲ ಅಂತ ಒಂದಿಲ್ಲ ಅಂತ ಜಗಳ ಆಡ್ತಿದ್ದೆ. ಪಾಪ, ಅವರು ಅರ್ಧ ಮಂತ್ರ ಮರ್ತೇ ಬಿಟ್ರು."

"ಆಮೇಲೆ? ಕೋಸಂಬರಿ ಕೊಡೋವಾಗ?"

"ಕೋಸಂಬರಿ ಹಂಚಿದ್ದು ನಾನು ಕಣೋ! ನೀನು ಒಂದು ಲೋಟ ಎತ್ತಿಟ್ಟಿದ್ದು ಯಾರಾದ್ರೂ ನೋಡಿದಾರಾ? ಪೋನೀಲೇ ಬಿಡು, ಅವರೇನು ನಿನ್ನ ಕೇಳಿದಾರಾ?"

ಕೇಳಿರಲಿಲ್ಲ. ಅದಕ್ಕೇ ನಾನೇ ಮುಳಬಾಗಿಲಿಗೆ ಹೋದೆ. ಹೆದ್ದಾರಿಯಿಂದ ಒಳಗೆ, ಮಹಡಿ ಮನೆ. ಕೋಣೆಯ ತುಂಬ ಬೆಳಕು. ಖಾಲಾ ಮಂಚದ ಮೇಲೆ ಕೂತಿದ್ದರು. ಕೈಗಳು ಸುಮ್ಮನಿದ್ದವು. ಅವರ ಕೈ ಸುಮ್ಮನಿದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಗಳು ಚಹಾ ಕೊಟ್ಟು ಒಳಗೆ ಹೋದರು.

"ಖಾಲಾ, ಒಂದು ಕೇಳ್ತೀನಿ, ನಿಜ ಹೇಳಿ. ಪೂಜೆ ದಿನ ಮೂರಡಿ ಜಾಗ ಬಿಡ್ತೀನಿ ಅಂತ ನಾನು ನಿಮಗೆ ಹೇಳಿದ್ನಾ?"

ಅವರು ಚಹಾದ ಲೋಟವನ್ನು ನನ್ನ ಹತ್ತಿರ ಸರಿಸಿದರು.

"ಇಲ್ಲಪ್ಪ. ನೀನೇನೂ ಹೇಳ್ಲಿಲ್ಲ. ನಿಮ್ಮ ಜಾಗ, ನೀವು ಕಟ್ಟಿದ್ರಿ. ಇದನ್ನ ಕೇಳೋಕೆ ಬಸ್ಸಲ್ಲಿ ಬಂದ್ಯಾ? ಓದಿ ಓದಿ ತಲೆ ಕೆಟ್ಟಿದೆ ನಿಂಗೆ. ಚಾಯ್ ಕುಡಿ, ಆರೋಗ್ತಾ ಇದೆ."

ವಾಪಸು ಬರುವಾಗ ನನ್ನ ಮನಸ್ಸು ಹಗುರಾಗಿತ್ತು. ಒಬ್ಬರ ಸಾಕ್ಷಿ ಸಾಲದು, ಅದರಲ್ಲೂ ಎದುರಿಗಿರುವವರನ್ನು ನೋಯಿಸಬಾರದು ಎಂದುಕೊಂಡವರ ಸಾಕ್ಷಿ ಏನೇನೂ ಸಾಲದು ಎಂದು ವರ್ಷವರ್ಷವೂ ಪಾಠ ಮಾಡುವವನು ನಾನು. ಆ ಸಾಕ್ಷಿಯನ್ನು ಮರುಪ್ರಶ್ನೆ ಇಲ್ಲದೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಎರಡು ವರ್ಷ ಅದರ ಮೇಲೆ ಚೆನ್ನಾಗಿಯೇ ಬದುಕಿದೆ.

ಹೋದ ವರ್ಷ ಖಾಲಾ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ನಮ್ಮ ಗಲ್ಲಿಯ ಮರಗೆಲಸದ ಆಚಾರಿಯೂ ಬಂದಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ ಕೋಲಾರಕ್ಕೆ ಹಿಂದಿರುಗಿದೆವು. ಆಚಾರಿ ಕಿಟಕಿಯ ಹೊರಗೆ ನೋಡುತ್ತ ಹೇಳಿದ:

"ಆಯಮ್ಮನಿಗೆ ಕಡೇದಾಗಿ ಕೆಲ್ಸ ಮಾಡ್ಕೊಟ್ಟಿದ್ದು ಆ ಕಿಟಕಿ ಬಾಗ್ಲೇ ಮೇಷ್ಟ್ರೇ. ಪಾಪ, ಎಷ್ಟು ದಿನ ತೆಗೆದ್ರೋ."

"ಯಾವ ಕಿಟಕಿ?"

"ನಿಮ್ ಜಾಗದ ಕಡೆದು. ನಿಮ್ ಗುದ್ದಲಿ ಪೂಜೆ ಆದ ವಾರದಲ್ಲೇ. ಹಳೇ ಬಾಗ್ಲು ಒಳಕ್ಕೆ ತೆಗೆದ್ರೆ ಸೀರೆಗೆ ತಾಗುತ್ತೆ, ಹೊರಕ್ಕೆ ತೆಗೆಯೋ ಹಂಗೆ ಮಾಡ್ಕೊಡು ಅಂದ್ರು. ನಾನು ಬೈದೆ. ಇನ್ನೊಬ್ರ ಜಾಗದ ಮೇಲೆ ಬಾಗ್ಲು ಬೀಸ್ತೀಯಾ, ನಾಳೆ ಜಗಳ ಆದ್ರೆ ಬೈಸ್ಕೊಳ್ಳೋನು ನಾನು ಅಂತ. ಮೇಷ್ಟ್ರು ಜಾಗ ಬಿಡ್ತಾರೆ, ನೀನು ಮಾಡು ಅಂದ್ರು."

ನಮ್ಮ ಪೇಟೆಯಲ್ಲಿ ಇದೊಂದು ಬರೆಯದ ಕಟ್ಟಳೆ. ಪಕ್ಕದವರ ಜಾಗದ ಕಡೆ ಕಿಟಕಿ ಇಟ್ಟುಕೊಂಡರೂ ಅದರ ಬಾಗಿಲು ಒಳಕ್ಕೇ ತೆರೆಯಬೇಕು. ಹೊರಕ್ಕೆ ತೆರೆದರೆ ಅವರ ನೆಲದ ಮೇಲೆ ಕೈ ಚಾಚಿದಂತೆ. ಜಾಗದವರು ತಾವಾಗಿ ಹೂಂ ಅನ್ನದೆ ಯಾವ ಆಚಾರಿಯೂ ಹೊರಗಡೆಗೆ ಕೀಲು ಬಡಿಯುವುದಿಲ್ಲ, ಯಾವ ಮನೆಯವರೂ ಬಡಿಸುವುದಿಲ್ಲ. ಖಾಲಾ ಅಂಥ ವಿಷಯಗಳಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ನಮ್ಮ ಹೊಂಗೆಯ ಎಲೆ ಅವರ ಮನೆಯ ಮೇಲೆ ಬಿದ್ದರೆ ಗುಡಿಸಿಹಾಕುತ್ತಿದ್ದರು, ನಮ್ಮ ಕಡೆಗೆ ಒಂದು ಕಡ್ಡಿ ತಳ್ಳುತ್ತಿರಲಿಲ್ಲ.

ಆದರೂ ಆಚಾರಿಯ ನೆನಪು ನನ್ನದಕ್ಕಿಂತ ಗಟ್ಟಿ ಎನ್ನಲು ಏನು ಆಧಾರ? ಅವನು ಎಷ್ಟೋ ಮನೆಗಳಿಗೆ ಎಷ್ಟೋ ಕಿಟಕಿ ಮಾಡಿದವನು. ಸಾವಿನ ಮನೆಯಿಂದ ಬರುವಾಗ ಮನುಷ್ಯ ಕಥೆಗಳನ್ನು ಸ್ವಲ್ಪ ತಿದ್ದಿಯೇ ಹೇಳುತ್ತಾನೆ. ಹೀಗೆ ನಾಲ್ಕು ದಿನ ನನ್ನೊಳಗೇ ವಾದ ನಡೆಸಿದೆ. ನೋಡಿದರೆ ಗೊತ್ತಾಗುವಂಥದ್ದನ್ನು ಕುರಿತು ಯೋಚಿಸುತ್ತಲೇ ಕೂರುವುದು ನನ್ನ ಹಳೆಯ ರೋಗ.

ಐದನೆಯ ದಿನ ಖಾಲಾ ಅವರ ಮನೆಯ ಬಾಡಿಗೆದಾರರ ಬಾಗಿಲು ತಟ್ಟಿದೆ. ಮಾಲೂರಿನ ಕಾರ್ಖಾನೆಗೆ ಹೋಗುವ ಗಂಡ, ಹೆಂಡತಿ, ಒಂದು ಕೂಸು. ಪಕ್ಕದ ಬಿಲ್ಡಿಂಗಿನ ಓನರ್ ಎಂದೆ, ಗೋಡೆ ನೋಡಬೇಕು ಎಂದೆ. ಆ ಹೆಂಗಸು ಸಂಕೋಚದಿಂದ ಒಳಗೆ ಕರೆದರು.

"ಅಲ್ಲಿ ಕಿಟಕಿ ಇದೆಯಾ ಸಾರ್? ನಮಗೆ ಗೊತ್ತೇ ಇಲ್ಲ. ನಾವು ಬಂದಾಗಿಂದ ಬೀರು ಇಲ್ಲೇ ಇದೆ."

ಇಬ್ಬರೂ ಸೇರಿ ಬೀರುವನ್ನು ಪಕ್ಕಕ್ಕೆ ಸರಿಸಿದೆವು. ಹಿಂದೆ ಕಿಟಕಿಯಿತ್ತು. ಚೌಕಟ್ಟು ಹಳೆಯದು, ಹಸಿರು ಬಣ್ಣ ಸಿಪ್ಪೆಯೇಳುತ್ತಿತ್ತು. ಎರಡು ಬಾಗಿಲೂ ಬೇವಿನ ಮರದವು, ಹೊಸವು, ಬಣ್ಣ ಕಾಣದವು. ಚೌಕಟ್ಟಿನ ಒಳಬದಿಯಲ್ಲಿ ಹಳೆಯ ಕೀಲು ಕಿತ್ತ ತೂತುಗಳಿದ್ದವು. ಸರಳುಗಳ ನಡುವೆ ಕೈ ತೂರಿಸಿ ಚಿಲಕ ತೆಗೆದು ತಳ್ಳಿದೆ. ಬಾಗಿಲು ಹೊರಕ್ಕೆ ತೆರೆಯಿತು, ನಾಲ್ಕು ಬೆರಳಷ್ಟು. ಆಮೇಲೆ ನನ್ನ ಗೋಡೆಗೆ ತಾಗಿ ನಿಂತಿತು.