ಫಿಟ್‌ನೆಸ್ ಸಹಿ ಕೇಳುತ್ತಿದ್ದ ಸಿಸ್ಟರ್

ಸಿಸ್ಟರ್ ಅವರ ಎಡಗೈ ಹೆಬ್ಬೆರಳು ಸದಾ ನೀಲಿ. ವಾರ್ಡಿನ ಬಿಳಿ ಬೋರ್ಡಿನ ಮೇಲೆ ಬರೆದದ್ದನ್ನು ಅದೇ ಬೆರಳಲ್ಲಿ ಒರೆಸಿ ಮತ್ತೆ ಬರೆಯುತ್ತಿದ್ದರು. ಸೊಂಟದ ಮೂಳೆ ಮುರಿದುಕೊಂಡು ಬಂದ ಪ್ರತಿ ಮುದುಕ, ಮುದುಕಿಗೂ ಅಲ್ಲಿ ಒಂದು ಸಾಲು. ಬಂದದ್ದು ಎಷ್ಟು ಗಂಟೆಗೆ, ಎಕ್ಸ್‌ರೇ ಆದದ್ದು ಎಷ್ಟಕ್ಕೆ, ಫಿಸಿಷಿಯನ್ ನೋಡಿದ್ದು ಯಾವಾಗ, ಆಪರೇಷನ್ ಯಾವಾಗ. ಆ ಫಿಸಿಷಿಯನ್ ನಾನು. ನನ್ನ ಕಾಲಂ ಮಾತ್ರ ಖಾಲಿ ಇರುತ್ತಿತ್ತು. ಆ ಹೆಡ್ ಸಿಸ್ಟರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ನೆಲಮಂಗಲದ ಹೆದ್ದಾರಿ ಪಕ್ಕದ ಆಸ್ಪತ್ರೆ ನಮ್ಮದು. ಆಕೆ ಗೇಟಿನಿಂದಲೇ ಟ್ರಾಲಿಯ ಹಿಂದೆ ನಡೆಯುತ್ತಿದ್ದರು. ಟ್ರಾಲಿ ನಿಂತಲ್ಲೆಲ್ಲ, "ಇಲ್ಲಿ ಯಾಕೆ ಕಾಯ್ತಿದ್ದೀವಿ?" ಎಂದು ಕೇಳುವುದು, ಉತ್ತರ ಬರೆದುಕೊಳ್ಳುವುದು. "ಮೂಳೆ ಮುರಿಯೋಕೆ ಒಂದು ಗಳಿಗೆ ಸಾಕು. ಮಿಕ್ಕಿದ್ದು ನಾವು ಕಾಯಿಸಿ ಕೆಡಿಸೋದು" ಎನ್ನುತ್ತಿದ್ದರು. ದೊಡ್ಡಸ್ತಿಕೆ ಎಂದುಕೊಳ್ಳುತ್ತಿದ್ದೆ.

ಅರವತ್ತು ದಾಟಿದ ಯಾರಿಗೇ ಆಗಲಿ, ಹೃದಯದ ಎಕೋ ಸ್ಕ್ಯಾನ್ ಆಗದೆ ನಾನು, ಆಪರೇಷನ್‌ಗೆ ಅಡ್ಡಿಯಿಲ್ಲ ಎಂಬ ಫಿಟ್‌ನೆಸ್ ಸಹಿ ಹಾಕುತ್ತಿರಲಿಲ್ಲ. ಎಕೋ ಮಾಡುವ ಡಾಕ್ಟರು ಬೆಂಗಳೂರಿನಿಂದ ಮಂಗಳವಾರ, ಶುಕ್ರವಾರ ಮಾತ್ರ ಬರುತ್ತಿದ್ದರು. ಮುನ್ನೆಚ್ಚರಿಕೆ ಎಂದು ಹೇಳುತ್ತಿದ್ದೆ. ಪುಕ್ಕಲುತನ, ಅಷ್ಟೇ.

ತ್ಯಾಮಗೊಂಡ್ಲು ಕಡೆಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಗುರುವಾರ ಬಂದರು. ಶುಕ್ರವಾರ ಎಕೋ ಆದ ಕೂಡಲೇ ಆಪರೇಷನ್ ಎಂದು ಬೆಳಗಿನಿಂದ ಉಪವಾಸ ಇರಿಸಿದೆವು. ಎಕೋ ಡಾಕ್ಟರು ಬರಲಿಲ್ಲ. ಶನಿವಾರ ಸಿಸ್ಟರ್ ನನ್ನ ಓಪಿಡಿಗೇ ನುಗ್ಗಿ, ರೋಗಿಗಳ ಎದುರಿಗೇ ಫೈಲು ಇಟ್ಟರು.

"ಸಾರ್, ಅಜ್ಜಿ ಎದೆ ಚೆನ್ನಾಗೈತೆ. ಒಂದ್ಸಲ ಬಂದು ಕೈ ಹಿಡಿದು ನೋಡಿ, ಸಹಿ ಹಾಕಿ."

"ಎಕೋ ಬರಲಿ. ಹೆಚ್ಚುಕಮ್ಮಿ ಆದ್ರೆ ನೀವು ಉತ್ತರ ಕೊಡ್ತೀರಾ?"

"ಎಕೋ ನೋಡಿ ಯಾರಿಗಾದ್ರೂ ಆಪರೇಷನ್ ಬೇಡ ಅಂದಿದ್ದೀರಾ, ಇಷ್ಟು ವರ್ಷದಲ್ಲಿ?"

ಒಬ್ಬರಿಗೂ ಅಂದಿರಲಿಲ್ಲ. ಹೊರಗೆ ಹೋಗಿ ಎಂದೆ.

ಭಾನುವಾರ ಅಜ್ಜಿಗೆ ಕೆಮ್ಮು ಶುರುವಾಯಿತು. ಮಂಗಳವಾರ ಎಕೋ ಆಯಿತು. ಹೃದಯಕ್ಕೆ ಏನೂ ಆಗಿರಲಿಲ್ಲ, ಆದರೆ ಅಷ್ಟರಲ್ಲಿ ಮಲಗಿದ್ದಲ್ಲೇ ಎದೆ ತುಂಬ ಕಫ. ಬುಧವಾರ ತೀರಿಕೊಂಡರು. ಬೋರ್ಡಿನಲ್ಲಿ ಅವರ ಸಾಲನ್ನು ಸಿಸ್ಟರ್ ಒಂದು ವಾರ ಒರೆಸಲಿಲ್ಲ. ನನ್ನ ಖಾಲಿ ಕಾಲಂ ಎಲ್ಲರಿಗೂ ಕಾಣುತ್ತಿತ್ತು.

ನಾನು ಆಡಳಿತಕ್ಕೆ ದೂರು ಬರೆದೆ. ರೋಗಿಗಳ ಮುಂದೆ ಅವಮಾನ, ಶಿಸ್ತಿಲ್ಲದ ವರ್ತನೆ. ತಿಂಗಳೊಳಗೆ ಅವರನ್ನು ಸೂಲಿಬೆಲೆ ಕಡೆಯ ನಮ್ಮ ಚಿಕ್ಕ ಕ್ಲಿನಿಕ್ಕಿಗೆ ಹಾಕಿದರು. ಮಂಡಿನೋವಿನ ಹೆಂಗಸು, ದಿನಾ ಮೂರು ಬಸ್ಸು ಬದಲಾಯಿಸಿ ಓಡಾಡಿದರು.

ಅವರು ಹೋದ ಮೇಲೆ ಆ ಖಾಲಿ ಕಾಲಂ ನನ್ನನ್ನು ಬಿಡಲಿಲ್ಲ. ಮುದುಕರು ಬಂದ ದಿನವೇ ಹಾಸಿಗೆ ಹತ್ತಿರ ಹೋಗಿ ನೋಡಿ ಸಹಿ ಹಾಕತೊಡಗಿದೆ. ನಿಜವಾಗಿ ಬೇಕೆನಿಸಿದವರಿಗಷ್ಟೇ ಎಕೋ. ಮರುದಿನವೇ ಆಪರೇಷನ್, ಅದರ ಮರುದಿನ ವಾಕರ್ ಹಿಡಿಸಿ ನಡೆಸುವುದು. ಆಡಳಿತದವರು ಸಭೆ ಮಾಡಿ, ಒಳ್ಳೆಯ ಪದ್ಧತಿ ತಂದಿರಿ ಎಂದು ನನಗೆ ಶಾಲು ಹೊದಿಸಿದರು. ನಾಚಿಕೆಗೇಡಿ ನಾನು, ಹೊದ್ದುಕೊಂಡೆ.

ಕಳೆದ ವರ್ಷ ಸಿಸ್ಟರ್ ತೀರಿಕೊಂಡರು. ವಿಷಯ ತಿಳಿದು ಮನೆಗೆ ಹೋದೆ. ಅವರ ಮಗಳು ಬಾಗಿಲಲ್ಲೇ ನಿಂತು ಮಾತಾಡಿದಳು.

"ದೂರು ಬರೆದಿದ್ದು ನೀವೇ ಅಂತ ಅಮ್ಮಂಗೆ ಗೊತ್ತಿತ್ತು ಸಾರ್. ಈಗ ಮುದುಕರನ್ನ ಬಂದ ದಿನಾನೇ ನೋಡ್ತಾರಂತೆ, ನಂಗಷ್ಟು ಸಾಕು ಅಂತಿದ್ರು."

ನಾನು ಏನೋ ಹೇಳಲು ಹೋದೆ.

"ಅವರಿಗೆ ಸಾಕಾಯ್ತು. ನಂಗೆ ಸಾಕಾಗಲ್ಲ" ಎಂದು ಬಾಗಿಲು ಹಾಕಿಕೊಂಡಳು.