ಬಿರುಕು ಬಿಟ್ಟ ಡಬ್ಬಿ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ತಗಡು ಒತ್ತಿ ಡಬ್ಬಿ ಮಾಡುವ ಪ್ರೆಸ್ ಶಾಪಿನ ಮಾಳಿಗೆಯಲ್ಲಿ ನಾನೊಬ್ಬನೇ ಕೂತು, ಆ ಕೆಲಸವನ್ನು ಮೊದಲು ಕಂಪ್ಯೂಟರಿನಲ್ಲೇ ಮಾಡಿ ನೋಡುವ ಸಿಮ್ಯುಲೇಶನ್ ಕಲಿಯುತ್ತಿದ್ದೆ. ಒಂದು ದಿನ ಪರದೆಯಲ್ಲಿ ತಗಡು ಬಾಗಿ ಚೌಕ ಡಬ್ಬಿಯಾಯಿತು, ಎಲ್ಲೂ ಬಿರುಕಿಲ್ಲ. ತೋರಿಸೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಳತೆ, ಒತ್ತಡ ಎಲ್ಲವನ್ನೂ ಹಾಳೆಯಲ್ಲಿ ಬರೆದು, ಕೆಳಗೆ ಪ್ರೆಸ್ಸಿಗೆ ಅಚ್ಚು ಕೂರಿಸುವ ಡೈ ಫಿಟರ್ ಶೆಟ್ಟರಿಗೆ ಕೊಟ್ಟು, "ಬರೆದ ಹಾಗೇ ಮಾಡಿ" ಎಂದೆ. ಮೊದಲ ಡಬ್ಬಿಯೇ ಮೂಲೆಯಲ್ಲಿ ಬಿರುಕು ಬಿಟ್ಟಿತು.

"ತಗಡಿಗೆ ಎಣ್ಣೆ ಹಚ್ಚಲಿಲ್ಲವಾ?" ಎಂದು ಕೇಳಿದೆ.

"ನೀವು ಬರೆದಿರಲಿಲ್ಲ ಮಾರಾಯ್ರೆ" ಎಂದರು ತಣ್ಣಗೆ.

ಕಂಪ್ಯೂಟರಿನ ಲೆಕ್ಕದಲ್ಲಿ ತಗಡಿಗೆ ಎಣ್ಣೆ ತಾನಾಗಿಯೇ ಹತ್ತಿರುತ್ತದೆ. ಹಚ್ಚುವ ಕೈಯೊಂದು ಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವರು ಚಿಂದಿಯಲ್ಲಿ ಎಣ್ಣೆ ಸವರಿದರು. ಎರಡನೆಯದು ಸರಿಯಾಗಿ ಬಂತು. ಬಿರುಕಿನ ಡಬ್ಬಿಯನ್ನು ನನ್ನ ಕೈಗಿಟ್ಟು, "ಮೇಲೆ ನಿಮಗೆ ಜೊತೆಗೆ ಯಾರೂ ಇಲ್ಲವಲ್ಲ, ಇಟ್ಟುಕೊಳ್ಳಿ" ಎಂದರು.

ಈಗ ಅದರಲ್ಲಿ ಪೆನ್ನುಗಳಿವೆ. ಕಂಪ್ಯೂಟರು ನಾನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತದೆ; ಆ ಮಾಳಿಗೆಯಲ್ಲಿ ನನಗೆ ಎದುರು ಹೇಳುವುದು ಈ ಬಿರುಕೊಂದೇ.